ಕಟ್ಟಿಗೆ ಒಲೆಯ ಬ್ಲೋವರ್ ತಿರುಗುತ್ತಿಲ್ಲ: ರಿಪೇರಿ ಮಾಡಿಸುವುದಾ, ಹೊಸದು ತರುವುದಾ?

ಸುಮಾ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹದಡಿ ರಸ್ತೆ ಕಡೆ ಒಂದು ಸಣ್ಣ ಬೆಣ್ಣೆ ದೋಸೆ ಹೋಟೆಲ್. ನಾನು, ನಮ್ಮ ಮನೆಯವರು, ಮೈದುನ, ಇಷ್ಟೇ ಜನ ಕೆಲಸಕ್ಕೆ. ಒಲೆ ಕಟ್ಟಿಗೆಯದ್ದು. ಒಲೆಯೊಳಗೆ ಜಾಲರಿ ಇದೆ, ಜಾಲರಿಯ ಕೆಳಗೆ ಒಂದು ಕಬ್ಬಿಣದ ಪೈಪ್ ಬರುತ್ತದೆ, ಆ ಪೈಪಿನ ಇನ್ನೊಂದು ತುದಿಗೆ ಬ್ಲೋವರ್. ಕೆಂಡಕ್ಕೆ ಕೆಳಗಿನಿಂದ ಗಾಳಿ ಹೋಗುವ ಹಾಗೆ ಮಾಡಿಸಿದ್ದು.

ಈಗ ಆ ಬ್ಲೋವರ್ ಕೈ ಕೊಟ್ಟಿದೆ. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಮೊದಮೊದಲು ಕಡ್ಡಿಯಿಂದ ರೆಕ್ಕೆ ತಳ್ಳಿದರೆ ಓಡಿಬಿಡುತ್ತಿತ್ತು. ಈಗ ತಳ್ಳಿದರೂ ನಿಧಾನಕ್ಕೆ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಮೋಟರ್ ಬಿಸಿಯಾಗಿ ಒಂಥರಾ ವಾಸನೆ. ತಕ್ಷಣ ಆಫ್ ಮಾಡುತ್ತೇವೆ. ಅದರ ಮೇಲಿನ ತಗಡಿನಲ್ಲಿ ಬರೆದಿದ್ದು ಬಹಳಷ್ಟು ಅಳಿಸಿಹೋಗಿದೆ. 230 ವೋಲ್ಟ್, 2800 ಆರ್‌ಪಿಎಂ ಅಂತ ಮಾತ್ರ ಓದಲು ಬರುತ್ತದೆ.

ಪೇಟೆಯಲ್ಲಿ ಒಂದು ಅಂಗಡಿಗೆ ತೋರಿಸಿದೆವು. ಬಿಚ್ಚಿ ಕೂಡ ನೋಡಲಿಲ್ಲ. "ಇದರ ಆಯುಸ್ಸು ಮುಗೀತು, ಹೊಸದು ತಗೊಳ್ಳಿ, 3,800 ಆಗುತ್ತೆ" ಅಂದರು. ಅಷ್ಟು ದುಡ್ಡು ಒಮ್ಮೆಗೇ ಹಾಕುವುದು ನಮಗೆ ಕಷ್ಟ. ಬೆಣ್ಣೆ ರೇಟು, ಕಟ್ಟಿಗೆ ರೇಟು ಎರಡೂ ಏರಿವೆ.

ಸದ್ಯಕ್ಕೆ ಊದುಗೊಳವೆಯಿಂದ ಊದುತ್ತಾ ಕೆಲಸ ನಡೆಸಿದ್ದೇವೆ. ಮೈದುನನ ಕಣ್ಣು ಹೊಗೆಗೆ ಕೆಂಪಾಗಿವೆ. ಹಂಚು ಒಂದೇ ಸಮ ಕಾಯುತ್ತಿಲ್ಲ. ಒಂದು ದೋಸೆ ಗರಿಗರಿ ಬಂದರೆ ಮುಂದಿನದು ಬೆಳ್ಳಗೆ ಮೆತ್ತಗೆ. ಬಂದವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ತಟ್ಟೆ ನೋಡಿದರೆ ನನಗೆ ಗೊತ್ತಾಗುತ್ತದೆ ಅಲ್ವಾ?

ನಿಜವಾಗಿಯೂ ಇದು ರಿಪೇರಿ ಆಗದ ವಸ್ತುವಾ? ಮನೆಯಲ್ಲೇ ನಾವು ಏನು ನೋಡಬಹುದು? ಹಳೆ ಕಂಪ್ಯೂಟರ್ ಫ್ಯಾನ್ ಅಥವಾ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ನಡೆಯುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ವಿನಯ್, ಪಿ.ಜೆ. ಬಡಾವಣೆ

ಮೇಡಂ, ಗ್ಯಾಸ್ ಒಲೆ ಹಾಕಿಸಿಬಿಡಿ. ಹೊಗೆ ಇಲ್ಲ, ಬ್ಲೋವರ್ ಚಿಂತೆ ಇಲ್ಲ.

ಸುಮಾ, ದಾವಣಗೆರೆ

ಯೋಚನೆ ಮಾಡಿ ನೋಡಿದ್ದೇವೆ ಸರ್. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಲೆಕ್ಕ ಹಾಕಿದರೆ ನಮ್ಮ ಸಣ್ಣ ವ್ಯಾಪಾರಕ್ಕೆ ಹೊಂದುವುದಿಲ್ಲ. ಅದೂ ಅಲ್ಲದೆ ನಮ್ಮ ಊರಿನಲ್ಲಿ ಬೆಣ್ಣೆ ದೋಸೆಗೆ ಕಟ್ಟಿಗೆ ಒಲೆಯನ್ನೇ ಹುಡುಕಿಕೊಂಡು ಬರುವ ಗಿರಾಕಿಗಳಿದ್ದಾರೆ. ದಪ್ಪ ಹಂಚು, ಕೆಳಗೆ ಕೆಂಡ, ಅದರ ಕಾವೇ ಬೇರೆ. ಅದನ್ನು ಬಿಡುವ ಮನಸ್ಸಿಲ್ಲ.

ಕೊಟ್ರೇಶ್, ಮೋಟರ್ ವೈಂಡಿಂಗ್

ಸುಮಕ್ಕಾ, ಬಿಚ್ಚಿ ನೋಡದೆ ಯಾವ ಮೋಟರನ್ನೂ ಸತ್ತಿದೆ ಅನ್ನಬಾರದು. ನಾನು ಬೋರ್‌ವೆಲ್ ಮೋಟರ್, ಫ್ಯಾನ್, ಮಿಕ್ಸಿ ಎಲ್ಲ ಕಟ್ಟುವವನು. ಬ್ಲೋವರ್ ಅಂತ ನನ್ನ ಅಂಗಡಿಗೆ ಬರುವುದರಲ್ಲಿ ವೈಂಡಿಂಗ್, ಅಂದರೆ ಒಳಗಿನ ತಾಮ್ರದ ಸುತ್ತು, ನಿಜವಾಗಿ ಸುಟ್ಟಿರುವುದು ಕಡಿಮೆ. ಜಾಸ್ತಿ ಬರುವುದು ಕೆಪಾಸಿಟರ್ ಹೋಗಿರುವುದು, ಬೇರಿಂಗ್ ಬಿಗಿದಿರುವುದು, ರೆಕ್ಕೆಗೆ ಎಣ್ಣೆ ಮಸಿ ಮೆತ್ತಿಕೊಂಡಿರುವುದು. ಮೂರೂ ಕಡಿಮೆ ದುಡ್ಡಿನ ಕೆಲಸ.

ನೀವು ಹೇಳಿದ ಲಕ್ಷಣ ನೋಡಿ. 2800 ಆರ್‌ಪಿಎಂ, ಅಂದರೆ ನಿಮಿಷಕ್ಕೆ 2800 ಸುತ್ತು ಅಂತ ಇದ್ದರೆ ಅದು ಎರಡು ಪೋಲ್‌ನ ಇಂಡಕ್ಷನ್ ಮೋಟರ್. ನಮ್ಮ ಕರೆಂಟು 50 ಹರ್ಟ್ಜ್, ಅದಕ್ಕೆ ಲೆಕ್ಕದ ವೇಗ 3000, ಲೋಡಿನಲ್ಲಿ 2800ರ ಹತ್ತಿರ ಓಡುತ್ತದೆ. ಸಿಂಗಲ್ ಫೇಸಿನಲ್ಲಿ ಇಂಥ ಮೋಟರ್ ತಾನಾಗಿ ಹೊರಡುವುದಿಲ್ಲ. ಹೊರಡಿಸಲು ಎರಡನೇ ಸುತ್ತು ತಂತಿ ಇರುತ್ತದೆ, ಅದಕ್ಕೆ ಕೆಪಾಸಿಟರ್ ಬೇಕು. ನಮ್ಮಲ್ಲಿ ಕೆಲವರು ಕಂಡೆನ್ಸರ್ ಅಂತಾರೆ. ಅದು ಹೋದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಕೈಯಿಂದ ತಳ್ಳಿದರೆ ಓಡುತ್ತದೆ. ಸೀಲಿಂಗ್ ಫ್ಯಾನಿನ ರೋಗವೂ ಇದೇ. ಹಾಗಾಗಿ ನಿಮ್ಮದು ಶುರುವಾಗಿದ್ದು ಕೆಪಾಸಿಟರಿನಿಂದ. ಈಗ ತಳ್ಳಿದರೂ ನಿಧಾನ ಅಂದರೆ ಜೊತೆಗೆ ಬೇರಿಂಗೂ ಹಿಡಿದಿರಬೇಕು.

ಮನೆಯಲ್ಲಿ ಇಷ್ಟು ಮಾಡಿ. ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಬ್ಲೋವರನ್ನು ಪೈಪಿನಿಂದ ಬಿಚ್ಚಿ, ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಒಂದು ಸಲ ತಿರುಗಿಸಿ ಬಿಟ್ಟರೆ ಸುಮಾರು ಸುತ್ತು ತಾನೇ ತಿರುಗಿ ನಿಲ್ಲಬೇಕು. ಬಿಟ್ಟ ತಕ್ಷಣ ನಿಂತರೆ, ಅಥವಾ ಒಳಗೆ ಮರಳು ಇದ್ದ ಹಾಗೆ ಕರಕರ ಅಂದರೆ ಬೇರಿಂಗ್. ಶಾಫ್ಟ್, ಅಂದರೆ ರೆಕ್ಕೆ ಕೂತಿರುವ ಕಂಬಿ, ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಆಟ ಬಂದರೂ ಬೇರಿಂಗೇ.

ಆಮೇಲೆ ಕೆಪಾಸಿಟರ್. ಮೋಟರಿನ ಪಕ್ಕ ಅಥವಾ ಒಂದು ಸಣ್ಣ ಡಬ್ಬಿಯೊಳಗೆ ಬಿಳಿಯದೋ ಕರಿಯದೋ ಗುಂಡು ಇರುತ್ತದೆ, ಎರಡು ವೈರು. ಮುಟ್ಟುವ ಮೊದಲು ಪ್ಲಾಸ್ಟಿಕ್ ಹಿಡಿ ಇರುವ ಸ್ಕ್ರೂ ಡ್ರೈವರಿನಿಂದ ಅದರ ಎರಡು ತುದಿಯನ್ನು ಒಮ್ಮೆ ಸೇರಿಸಿಬಿಡಿ. ಒಳಗೆ ಕರೆಂಟು ಉಳಿದಿರುತ್ತದೆ. ಮೇಲೆ 4 ಎಂಎಫ್‌ಡಿ 440 ವೋಲ್ಟ್ ಅಂತಲೋ 6 ಎಂಎಫ್‌ಡಿ ಅಂತಲೋ ಬರೆದಿರುತ್ತದೆ. ಎಂಎಫ್‌ಡಿ ಅಂದರೆ ಕೆಪಾಸಿಟರಿನ ಅಳತೆ. ಅದೇ ನಂಬರಿನದು ತನ್ನಿ. "ಜಾಸ್ತಿ ಹಾಕಿದರೆ ಜೋರಾಗಿ ಓಡುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಜಾಸ್ತಿ ಹಾಕಿದರೆ ಎರಡನೇ ಸುತ್ತು ಬಿಸಿಯಾಗಿ ಸುಡುತ್ತದೆ. ನೂರು ರೂಪಾಯಿಯೊಳಗೆ ಮುಗಿಯುವ ಸಾಮಾನು ಅದು.

ವಾಸನೆ ಬಗ್ಗೆ ಒಂದು ಮಾತು. ಬರೀ ಬಿಸಿ ದೂಳಿನ ವಾಸನೆಯಾ, ಅಥವಾ ಮೂಗಿಗೆ ಹೊಡೆಯುವ ಸುಟ್ಟ ವಾರ್ನಿಷ್ ವಾಸನೆಯಾ? ಬಿಚ್ಚಿದಾಗ ತಾಮ್ರದ ಸುತ್ತು ಕೆಂಪು ಬಣ್ಣದಲ್ಲೇ ಹೊಳೆಯುತ್ತಿದ್ದರೆ ಬಹುತೇಕ ಪಾರು. ಒಂದು ಕಡೆ ಕರ್ರಗಾಗಿ ದಾರ ಸುಟ್ಟಿದ್ದರೆ ವೈಂಡಿಂಗ್ ಹೋಗಿದೆ. ಎಲ್ಲ ನೋಡಿ ಬರೆಯಿರಿ, ಆಮೇಲೆ ಮುಂದಿನದು ಹೇಳುತ್ತೇನೆ. ಮತ್ತೆ ಕಡ್ಡಿಯಿಂದ ತಳ್ಳಿ ಓಡಿಸಬೇಡಿ. ಗುಂಯ್ ಅನ್ನುತ್ತಾ ನಿಂತಿರುವ ಮೋಟರ್ ಓಡುವ ಮೋಟರಿಗಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ಸುಡದೇ ಉಳಿದದ್ದು ಅದರಿಂದಲೇ ಸುಡುತ್ತದೆ.

ರಫೀಕ್, ಮಂಡಕ್ಕಿ ಭಟ್ಟಿ

ಕೊಟ್ರೇಶಣ್ಣ ಹೇಳಿದ್ದು ಸರಿ. ಅಕ್ಕಾ, ನಾನು ಭಟ್ಟಿಯವನು, ಬೆಂಕಿ ಪಕ್ಕದಲ್ಲೇ ನಮ್ಮ ಜೀವನ. ಒಂದು ವಿಷಯ ಕೇಳುತ್ತೇನೆ. ನಿಮ್ಮ ಪೈಪ್ ಎಷ್ಟು ಉದ್ದ ಇದೆ? ಬ್ಲೋವರ್ ಒಲೆಗಿಂತ ಮೇಲಿದೆಯಾ ಕೆಳಗಿದೆಯಾ?

ಬ್ಲೋವರ್ ಹಾಳಾಗುವುದು ಓಡುವಾಗ ಅಲ್ಲ, ನಿಲ್ಲಿಸಿದ ಮೇಲೆ. ಓಡುವಾಗ ತಣ್ಣನೆ ಗಾಳಿ ಅದರೊಳಗೇ ಹಾದು ಹೋಗುತ್ತಿರುತ್ತದೆ. ವ್ಯಾಪಾರ ಮುಗಿಸಿ ಸ್ವಿಚ್ ಆಫ್ ಮಾಡಿ ಹೋಗುತ್ತೀರಿ, ಒಲೆ ತುಂಬಾ ಕೆಂಡ ಇರುತ್ತದೆ. ಆ ಕಾವು ಪೈಪಿನಲ್ಲಿ ವಾಪಸ್ ಬಂದು ಬ್ಲೋವರಿನೊಳಗೆ ಕೂರುತ್ತದೆ. ಬೇರಿಂಗಿನ ಗ್ರೀಸ್ ಕರಗಿ ಹರಿದು ಹೋಗುತ್ತದೆ, ಉಳಿದದ್ದು ಒಣಗಿ ಗಟ್ಟಿಯಾಗುತ್ತದೆ. ಕೆಪಾಸಿಟರಿಗೂ ಬಿಸಿ ಅಂದರೆ ಆಗುವುದಿಲ್ಲ. ನೀವು ಹೊಸದೇ ತಂದು ಅದೇ ಜಾಗಕ್ಕೆ ಕೂರಿಸಿದರೂ ಅದಕ್ಕೂ ಇದೇ ಗತಿ.

ಪೈಪ್ ಕನಿಷ್ಠ ಮೂರು ನಾಲ್ಕು ಅಡಿ ಇರಲಿ. ಜಿಐ ಪೈಪ್, ಅಂದರೆ ಸತುವಿನ ಲೇಪ ಇರುವ ಕಬ್ಬಿಣದ್ದು, ಸಾಕು, ಪಿವಿಸಿ ಬೇಡವೇ ಬೇಡ. ಬ್ಲೋವರ್ ಜಾಲರಿಗಿಂತ ಕೆಳಗಿದ್ದರೆ ಒಳ್ಳೆಯದು, ಬಿಸಿ ಗಾಳಿ ಮೇಲಕ್ಕೆ ಏರುವುದರಿಂದ ಕೆಳಗೆ ಇಳಿಯುವುದು ಕಷ್ಟ. ಪೈಪಿಗೆ ಮಧ್ಯೆ ಒಂದು ತಗಡಿನ ಬಾಗಿಲು ಮಾಡಿಸಿ. ನಿಲ್ಲಿಸುವಾಗ ಅದನ್ನು ಮುಚ್ಚಿಬಿಟ್ಟರೆ ಕಾವು ಅಲ್ಲಿಗೇ ನಿಲ್ಲುತ್ತದೆ. ಬಾಗಿಲು ಮಾಡಿಸಲು ಆಗದಿದ್ದರೆ ಕೆಂಡ ಕೆದಕಿ ಹೊರಗೆ ತೆಗೆದ ಮೇಲೆ ಇನ್ನೂ ಸ್ವಲ್ಪ ಹೊತ್ತು ಬ್ಲೋವರ್ ಓಡಲಿ.

ಜಾಲರಿ ಕೆಳಗಿನ ಬೂದಿಯನ್ನು ದಿನಾ ತೆಗೆಯಿರಿ. ಬೂದಿ ಪೈಪಿನ ಬಾಯಿ ಮುಚ್ಚಿದರೆ ಗಾಳಿ ಹೋಗುವುದಿಲ್ಲ, ಎಲ್ಲರೂ ಬ್ಲೋವರ್ ವೀಕ್ ಆಗಿದೆ ಅಂದುಕೊಳ್ಳುತ್ತಾರೆ.

ಚೇತನ್, ಚಿತ್ರದುರ್ಗ

ಕಂಪ್ಯೂಟರ್ ಫ್ಯಾನ್ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ನಡೆಯುವುದಿಲ್ಲ ಅಕ್ಕಾ. ಕಂಪ್ಯೂಟರ್ ಫ್ಯಾನ್, ಎಕ್ಸಾಸ್ಟ್ ಫ್ಯಾನ್ ಇವೆಲ್ಲ ಗಾಳಿಯನ್ನು ನೇರ ಮುಂದಕ್ಕೆ ತಳ್ಳುವ ಜಾತಿ. ಎದುರಿಗೆ ಏನೂ ಅಡ್ಡ ಇಲ್ಲದಿದ್ದರೆ ಬಹಳ ಗಾಳಿ ಕೊಡುತ್ತವೆ. ಆದರೆ ನಿಮ್ಮಲ್ಲಿ ಪೈಪ್ ಇದೆ, ಜಾಲರಿ ಇದೆ, ಅದರ ಮೇಲೆ ಕೆಂಡದ ರಾಶಿ ಇದೆ. ಅದನ್ನು ದಾಟಿ ಹೋಗಲು ಒತ್ತಡ ಬೇಕು. ಬೀಸಣಿಗೆ ಬೀಸುವುದಕ್ಕೂ ಊದುಗೊಳವೆಯಲ್ಲಿ ಊದುವುದಕ್ಕೂ ಇರುವ ವ್ಯತ್ಯಾಸವೇ ಇದು. ಒತ್ತಡ ಕೊಡುವುದು ಬಸವನಹುಳದ ಚಿಪ್ಪಿನ ಆಕಾರದ ಡಬ್ಬಿ ಇರುವ ಬ್ಲೋವರ್. ಮಧ್ಯದಿಂದ ಗಾಳಿ ಎಳೆದುಕೊಂಡು ಅಂಚಿನಿಂದ ಹೊರಗೆ ಎಸೆಯುತ್ತದೆ.

ಕಡಿಮೆ ದುಡ್ಡಿನಲ್ಲಿ ಬದಲಿ ಬೇಕೇ ಬೇಕು ಅಂದರೆ ಗುಜರಿಯಲ್ಲಿ ಹಳೆ ಕಾರಿನ ಎಸಿ ಬ್ಲೋವರ್ ಹುಡುಕಿ. ಡ್ಯಾಶ್‌ಬೋರ್ಡಿನ ಒಳಗೆ ಇರುತ್ತದಲ್ಲ, ಅದೇ. ಅದೂ ಇದೇ ಜಾತಿ, 12 ವೋಲ್ಟ್ ಡಿಸಿ. ಪೂರ್ತಿ ವೇಗದಲ್ಲಿ 10 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ, ಆದರೆ ಒಲೆಗೆ ಪೂರ್ತಿ ವೇಗ ಬೇಕಿಲ್ಲ. ಬ್ಲೋವರಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ, ಅದಕ್ಕೆ ಬೇಕಾಗುವ ಶಕ್ತಿ ಮಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಲಾಭ, ಕರೆಂಟು ಹೋದರೂ ಬ್ಯಾಟರಿ ಮೇಲೆ ಓಡುತ್ತದೆ. ತೊಂದರೆ ಏನಂದರೆ ಅದರ ಡಬ್ಬಿ, ರೆಕ್ಕೆ ಎಲ್ಲ ಪ್ಲಾಸ್ಟಿಕ್. ರಫೀಕ್ ಭಾಯ್ ಹೇಳಿದ ಬಾಗಿಲು ಇಲ್ಲದೆ ಇದನ್ನು ಕೂರಿಸಿದರೆ ಕರಗಿಹೋಗುತ್ತದೆ. ನಿಮ್ಮ ಹಳೆ ಮೋಟರ್ ಉಳಿಯುವ ಹಾಗಿದ್ದರೆ ಅದೇ ಮೇಲು.

ಸುಮಾ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಧ್ಯಾಹ್ನ ಹೋಟೆಲ್ ಮುಚ್ಚಿದ ಮೇಲೆ ಮೈದುನ ಬಿಚ್ಚಿದ.

ಕೊಟ್ರೇಶಣ್ಣ, ತಾಮ್ರದ ಸುತ್ತು ಕೆಂಪಗೇ ಇದೆ. ಎಲ್ಲೂ ಕರ್ರಗಾಗಿಲ್ಲ. ಅದು ನೋಡಿ ಅರ್ಧ ಸಮಾಧಾನ ಆಯಿತು. ಕೆಪಾಸಿಟರ್ ಒಂದು ಕಡೆ ಉಬ್ಬಿದೆ, 4 ಎಂಎಫ್‌ಡಿ ಅಂತ ಇದೆ. ರೆಕ್ಕೆ ಕಡೆಯ ಬೇರಿಂಗ್ ಬಹಳ ಬಿಗಿ, ಕರಕರ ಅನ್ನುತ್ತದೆ. ಹಿಂದಿನದು ಪರವಾಗಿಲ್ಲ. ರೆಕ್ಕೆಯ ಸಂದಿಗಳಲ್ಲಿ ಬೆಣ್ಣೆ ಜಿಡ್ಡು, ಮಸಿ, ಹಿಟ್ಟಿನ ದೂಳು ಎಲ್ಲ ಸೇರಿ ಕಪ್ಪು ಅಂಟಾಗಿ ಕೂತಿದೆ. ಬೇರಿಂಗ್ ಅಂಚಿನಲ್ಲಿ 6201 ಅಂತ ಇದೆ, ಮುಂದೆ ಏನೋ ಇಂಗ್ಲಿಷ್ ಅಕ್ಷರ, ಓದಲು ಬರುತ್ತಿಲ್ಲ.

ರಫೀಕಣ್ಣ, ಪೈಪ್ ಒಂದೂವರೆ ಅಡಿ ಅಷ್ಟೇ ಇದೆ. ಬ್ಲೋವರ್ ಒಲೆಯ ಮಟ್ಟದಲ್ಲೇ ಇದೆ. ಮಧ್ಯಾಹ್ನ ಮುಟ್ಟಿ ನೋಡಿದರೆ ಬ್ಲೋವರಿನ ಮೂತಿ ಕೈ ಇಡಲಾಗದಷ್ಟು ಬಿಸಿ ಇರುತ್ತಿತ್ತು. ಈಗ ಯಾಕೆ ಅಂತ ಗೊತ್ತಾಯಿತು.

ರೆಕ್ಕೆ ಶಾಫ್ಟಿನಿಂದ ಬರುತ್ತಿಲ್ಲ. ಸ್ಕ್ರೂ ಬಿಚ್ಚಿದ್ದೇವೆ. ಸುತ್ತಿಗೆಯಿಂದ ಹೊಡೆಯಬಹುದಾ?

ನಾಗರಾಜ್, ಹರಿಹರ

ಸುತ್ತಿಗೆ ಮುಟ್ಟಬೇಡಿ! ಶಾಫ್ಟ್ ಕೂದಲೆಳೆಯಷ್ಟು ಬಾಗಿದರೂ ಆಮೇಲೆ ಮೋಟರ್ ನಡುಗುತ್ತದೆ, ಹೊಸ ಬೇರಿಂಗೂ ಉಳಿಯುವುದಿಲ್ಲ.

ನಾನು ಹರಿಹರದಲ್ಲಿ ಲೇತ್ ಕೆಲಸ ಮಾಡುವವನು. ಮೈಸೂರು ಕಿರ್ಲೋಸ್ಕರ್ ಇದ್ದ ಊರು ಇದು. ಅಲ್ಲಿ ಲೇತ್ ಮಷಿನ್‌ಗಳನ್ನೇ ತಯಾರು ಮಾಡುತ್ತಿದ್ದರು. ಕಾರ್ಖಾನೆ ಮುಚ್ಚಿದರೂ ಆ ಕೈಕೆಲಸ ಊರಿನಲ್ಲಿ ಉಳಿದಿದೆ. ನನಗೆ ಕಲಿಸಿದವರು ಅಲ್ಲೇ ಕೆಲಸ ಮಾಡಿದ ಹಿರಿಯರು. ಅವರು ಮೊದಲು ಹೇಳಿಕೊಟ್ಟದ್ದೇ ಇದು, ಯಾವುದನ್ನೂ ಹೊಡೆದು ತೆಗೆಯಬೇಡ, ಎಳೆದು ತೆಗೆ ಅಂತ.

ಸ್ಕ್ರೂ ತೂತಿನೊಳಗೆ ಸ್ವಲ್ಪ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಇಡಿ. ತೂತಿನೊಳಗೆ ಬಗ್ಗಿ ನೋಡಿ, ಕೆಲವು ರೆಕ್ಕೆಗೆ ಒಂದರ ಹಿಂದೆ ಒಂದು ಎರಡು ಸ್ಕ್ರೂ ಇರುತ್ತವೆ. ಮೇಲಿನದು ತೆಗೆದು, ಒಳಗಿನದು ಹಾಗೇ ಇದ್ದರೆ ಎಷ್ಟು ಎಳೆದರೂ ಬರುವುದಿಲ್ಲ. ಆಮೇಲೆ ಮೂರು ಕಾಲಿನ ಸಣ್ಣ ಪುಲ್ಲರ್ ಹಾಕಿ ನಿಧಾನಕ್ಕೆ ಎಳೆಯಿರಿ. ಪುಲ್ಲರ್ ಯಾವ ಬೈಕ್ ಮೆಕ್ಯಾನಿಕ್ ಹತ್ತಿರವಾದರೂ ಇರುತ್ತದೆ. ರೆಕ್ಕೆಯ ಅಂಚು ಹಿಡಿದು ಎಳೆಯಬೇಡಿ, ಮಧ್ಯದ ದಪ್ಪ ಜಾಗಕ್ಕೆ ಕಾಲು ಕೊಡಿ.

ಬೇರಿಂಗ್ ವಿಷಯ. 6201 ಅಂದರೆ ಒಳ ತೂತು 12 ಮಿಲಿಮೀಟರ್, ಹೊರಗೆ 32, ದಪ್ಪ 10. ಕೊನೆಯ ಎರಡು ಅಂಕಿಯಲ್ಲಿ ಒಳ ತೂತಿನ ಅಳತೆ ಇರುತ್ತದೆ. 00 ಅಂದರೆ 10 ಮಿಲಿಮೀಟರ್, 01 ಅಂದರೆ 12, 02 ಅಂದರೆ 15, 03 ಅಂದರೆ 17. 04ರಿಂದ ಮೇಲೆ ಆ ಅಂಕಿಯನ್ನು ಐದರಿಂದ ಗುಣಿಸಿದರೆ ಸಾಕು. ಓದಲು ಬಾರದ ಅಕ್ಷರ ಬಹುಶಃ ಝಡ್‌ಝಡ್ ಇರಬೇಕು, ಎರಡೂ ಕಡೆ ಉಕ್ಕಿನ ಮುಚ್ಚಳ ಅಂತ ಅರ್ಥ. ಸಿ3 ಅಂತ ಇರುವುದು ಸಿಕ್ಕರೆ ಅದನ್ನೇ ತನ್ನಿ. ಅದರಲ್ಲಿ ಒಳಗೆ ಸ್ವಲ್ಪ ಜಾಸ್ತಿ ಸಡಿಲ ಇರುತ್ತದೆ, ಬಿಸಿಗೆ ಹಿಗ್ಗಿದಾಗ ಹಿಡಿದುಕೊಳ್ಳುವುದಿಲ್ಲ. ಹಿಂದಿನದು ಪರವಾಗಿಲ್ಲ ಅಂದಿರಿ, ಆದರೂ ಎರಡೂ ಬದಲಾಯಿಸಿ. ಮತ್ತೆ ಬಿಚ್ಚುವ ಕೂಲಿಗಿಂತ ಬೇರಿಂಗಿನ ಬೆಲೆ ಕಡಿಮೆ.

ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಒಳ ರಿಂಗಿನ ಮೇಲೆ ಮಾತ್ರ ಒತ್ತಬೇಕು. ಅಳತೆಗೆ ಸರಿಯಾದ ಪೈಪ್ ತುಂಡು ಇಟ್ಟು ತಟ್ಟಿ. ಹೊರ ರಿಂಗಿನ ಮೇಲೆ ತಟ್ಟಿದರೆ ಆ ಪೆಟ್ಟು ಗುಂಡುಗಳ ಮೇಲೆ ಬಿದ್ದು ಅವು ಉರುಳುವ ದಾರಿಯಲ್ಲಿ ಗುಳಿ ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ರೆಕ್ಕೆಯನ್ನು ಡೀಸೆಲ್‌ನಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ಆಮೇಲೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಇಡಿ. ಡೀಸೆಲ್ ಕೆಲಸ ಒಲೆಯಿಂದ ದೂರ, ಹೊರಗೆ ಮಾಡಿ. ಪೂರ್ತಿ ಒಣಗಿದ ಮೇಲೇ ಕೂರಿಸಬೇಕು. ಎಲ್ಲ ರೆಕ್ಕೆಯನ್ನೂ ಒಂದೇ ಸಮ ಶುಚಿ ಮಾಡಿ. ಒಂದು ಕಡೆ ಜಿಡ್ಡು ಉಳಿದರೆ ತೂಕ ಏರುಪೇರಾಗಿ ನಡುಕ ಬರುತ್ತದೆ.

ಕೊಟ್ರೇಶ್, ಮೋಟರ್ ವೈಂಡಿಂಗ್

ನಾಗರಾಜಣ್ಣ ಚೆನ್ನಾಗಿ ಹೇಳಿದರು. ನಾನು ಒಂದೆರಡು ಸೇರಿಸುತ್ತೇನೆ, ಇವು ಮುಖ್ಯ.

ಕೆಪಾಸಿಟರ್ ಬದಲಾಯಿಸುವಾಗ ಹಳೆ ವೈರು ಎಲ್ಲೆಲ್ಲಿ ಇತ್ತು ಅಂತ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ವೈರು ಅದಲು ಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. ಈ ಜಾತಿ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಯಿಂದಲೇ ಬರುತ್ತದೆ, ಆದರೆ ಬಹಳ ಕಡಿಮೆ. ಎಷ್ಟೋ ಜನ ಇದು ಗೊತ್ತಾಗದೆ "ಮೋಟರ್ ವೀಕ್ ಆಗಿದೆ" ಅಂತ ತಂದು ಕೊಡುತ್ತಾರೆ. ಡಬ್ಬಿಯ ಮೇಲೆ ಬಾಣದ ಗುರುತು ಇರುತ್ತದೆ. ಅಳಿಸಿಹೋಗಿದ್ದರೆ ಡಬ್ಬಿಯ ಆಕಾರ ನೋಡಿ. ರೆಕ್ಕೆಗೂ ಗೋಡೆಗೂ ಸಂದಿ ಸಣ್ಣದಿರುವ ಕಡೆಯಿಂದ ಅಗಲ ಆಗುತ್ತಾ ಹೋಗಿ ಬಾಯಿಗೆ ಸೇರುವ ದಿಕ್ಕಿಗೆ ರೆಕ್ಕೆ ತಿರುಗಬೇಕು.

ಬೇರಿಂಗಿಗೆ, ಶಾಫ್ಟಿಗೆ ಅಡುಗೆ ಎಣ್ಣೆ ಬಿಡಬೇಡಿ. ಹೋಟೆಲ್‌ನವರು ಕೈಗೆ ಸಿಕ್ಕ ಎಣ್ಣೆ ಬಿಡುತ್ತಾರೆ. ಅದು ಬಿಸಿಗೆ ಗೋಂದಿನ ಥರ ಅಂಟುತ್ತದೆ. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ. ನಿಮ್ಮದು ಬೇರಿಂಗ್ ಇಲ್ಲದ, ಹಿತ್ತಾಳೆ ಬುಷ್ (ಶಾಫ್ಟ್ ತಿರುಗುವ ಬಳೆ) ಇರುವ ಸಣ್ಣ ಮೋಟರ್ ಆಗಿದ್ದರೆ, ಬುಷ್ ಒರೆಸಿ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಡಿ, ಸಾಕು. ಅಂಥ ಮೋಟರಿನಲ್ಲಿ ಕೆಪಾಸಿಟರ್ ಇರುವುದಿಲ್ಲ. ಕಬ್ಬಿಣದ ಪಟ್ಟಿಗಳ ಮೇಲೆ ದಪ್ಪ ತಾಮ್ರದ ಬಳೆ ಕಾಣುತ್ತದೆ. ಮಿಕ್ಸಿ ಥರ ಕಿರುಚುವ ಬ್ಲೋವರ್ ಆಗಿದ್ದರೆ ಅದರಲ್ಲಿ ಕಾರ್ಬನ್ ಇರುತ್ತದೆ. ಸವೆದು ಮೋಟಾದಾಗ ಕಿಡಿ ಹಾರುತ್ತದೆ, ಜೊತೆ ಕಾರ್ಬನ್ ಹಾಕಿದರೆ ಮತ್ತೆ ಓಡುತ್ತದೆ. ಏನೂ ಸದ್ದೇ ಇಲ್ಲ, ಗುಂಯ್ ಕೂಡ ಅನ್ನುವುದಿಲ್ಲ ಅಂದರೆ ವೈರ್ ಕಟ್ ಆಗಿರಬಹುದು, ಇಲ್ಲವೇ ಸುತ್ತಿನೊಳಗೆ ಟೇಪ್ ಕೆಳಗೆ ಇರುವ ಥರ್ಮಲ್ ಫ್ಯೂಸ್ ಹೋಗಿರಬಹುದು. ಆ ಫ್ಯೂಸ್ ಬದಲು ಬರೀ ತಂತಿ ಸೇರಿಸಿ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಅದು ಇರುವುದೇ ಬೆಂಕಿ ಹತ್ತದಿರಲಿ ಅಂತ. ಅದೇ ಡಿಗ್ರಿಯದು ಕೆಲವೇ ರೂಪಾಯಿಗೆ ಸಿಗುತ್ತದೆ.

ಅರ್ಥಿಂಗ್ ನೋಡಿದ್ದೀರಾ ಅಕ್ಕಾ? ಲೋಹದ ಬಾಡಿ, ಒದ್ದೆ ನೆಲ, ಬರಿಗಾಲು. ಮೂರು ಪಿನ್ನಿನ ಪ್ಲಗ್ ಹಾಕಿ, ಹಸಿರು ವೈರು ಬಾಡಿಗೆ ಬಿಗಿಯಾಗಿ ಕೂತಿರಲಿ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್, ಇದ್ದರೆ ಇನ್ನೂ ಒಳ್ಳೆಯದು. ದುಡ್ಡು ಉಳಿಸುವುದನ್ನು ಬೇರೆ ಕಡೆ ಉಳಿಸೋಣ, ಇಲ್ಲಿ ಬೇಡ.

ವಿನಯ್, ಪಿ.ಜೆ. ಬಡಾವಣೆ

ನನಗೂ ಒಂದು ಪ್ರಶ್ನೆ ಇದೆ ಕೊಟ್ರೇಶ್ ಅವರೇ. ಅತ್ತೆ ಮನೆಯಲ್ಲಿ ನೀರೊಲೆಗೆ ಇಂಥದ್ದೇ ಬ್ಲೋವರ್ ಇದೆ. ಗಾಳಿ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ ಅಂತ, ಅದನ್ನು ತಗ್ಗಿಸಲು ಎಳೆಯುವ ಬಾಯಿಗೆ ಅರ್ಧ ತಗಡು ಮುಚ್ಚಿದ್ದಾರೆ. ಮೋಟರಿಗೆ ಭಾರ ಆಗಿ ಸುಡುವುದಿಲ್ಲವಾ?

ಕೊಟ್ರೇಶ್, ಮೋಟರ್ ವೈಂಡಿಂಗ್

ಸುಡುವುದಿಲ್ಲ. ಬಾಯಿ ಮುಚ್ಚಿದರೆ ಭಾರ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಇಲ್ಲಿ ಅದು ತಿರುಗುಮುರುಗು. ರೆಕ್ಕೆಗೆ ಕೆಲಸ ಅಂದರೆ ಗಾಳಿಯನ್ನು ಎಸೆಯುವುದು. ಎಸೆಯಲು ಗಾಳಿಯೇ ಕಡಿಮೆ ಬಂದರೆ ಕೆಲಸವೂ ಕಡಿಮೆ, ಎಳೆಯುವ ಕರೆಂಟೂ ಕಡಿಮೆ. ಮೀಟರ್ ಹಾಕಿ ನೋಡಿದರೆ ಕಾಣುತ್ತದೆ. ಗಾಳಿ ಹೊಂದಿಸಲು ತಗಡಿನ ಮುಚ್ಚಳವೇ ಕಡಿಮೆ ಖರ್ಚಿನ ದಾರಿ. ಪೂರ್ತಿ ಮುಚ್ಚಿಡಬೇಡಿ ಅಷ್ಟೇ. ಕೆಲವು ಮೋಟರ್ ಅದೇ ಗಾಳಿಯಿಂದ ತಣ್ಣಗಾಗುತ್ತವೆ.

ಸುಮಕ್ಕನಿಗೂ ಇದೇ ಹೇಳುತ್ತೇನೆ, ಒಂದು ಜಾರುವ ಮುಚ್ಚಳ ಮಾಡಿಸಿ. ಹೊತ್ತಿಸುವಾಗ ಪೂರ್ತಿ ತೆರೆಯಿರಿ, ಕೆಂಡ ಆದ ಮೇಲೆ ಅರ್ಧ ಮುಚ್ಚಿ.

ರಫೀಕ್, ಮಂಡಕ್ಕಿ ಭಟ್ಟಿ

ಗಾಳಿ ಜಾಸ್ತಿ ಬಿಟ್ಟರೆ ಕಟ್ಟಿಗೆಯೂ ಸುಮ್ನೆ ಉರಿದು ಹೋಗುತ್ತದೆ ಅಕ್ಕಾ. ಕಾವು ಹಂಚಿಗೆ ತಗಲುವ ಮೊದಲೇ ಒಲೆ ಬಾಯಿಂದ ಹೊರಗೆ ಓಡುತ್ತದೆ, ಬೂದಿ ಎದ್ದು ದೋಸೆ ಮೇಲೆ ಕೂರುತ್ತದೆ. ಗಾಳಿ ಎಲ್ಲವೂ ಕೆಳಗಿನಿಂದಲೇ ಬೇಕು ಅಂತಿಲ್ಲ. ಪೈಪಿನಿಂದ ಒಂದು ಸಣ್ಣ ಕವಲು ತೆಗೆದು ಉರಿಯ ಮೇಲ್ಭಾಗಕ್ಕೆ, ಹಂಚಿನ ಸ್ವಲ್ಪ ಕೆಳಗೆ, ಸಣ್ಣ ತೂತುಗಳಿಂದ ಗಾಳಿ ಬಿಟ್ಟರೆ ಹೊಗೆಯೇ ಉರಿಯುತ್ತದೆ. ಹೊಗೆ ಅಂದರೆ ಉರಿಯದೇ ಉಳಿದ ಕಟ್ಟಿಗೆ ತಾನೇ. ಈಗ ಬರುವ ಹೊಸ ಫ್ಯಾನ್ ಒಲೆಗಳಲ್ಲಿ ಮೇಲೆ ಸುತ್ತಲೂ ತೂತು ಇರುವುದು ಅದಕ್ಕೇ.

ಕಟ್ಟಿಗೆ ಒಣಗಿರಲಿ. ಜಾಲಿ, ಹುಣಸೆ ಕೆಂಡ ಗಟ್ಟಿ ನಿಲ್ಲುತ್ತದೆ, ನೀಲಗಿರಿ ಬೇಗ ಹತ್ತುತ್ತದೆ. ಹೊತ್ತಿಸಲು ಮೆಕ್ಕೆಜೋಳದ ಬೆಂಡು ಒಳ್ಳೆಯದು, ನಮ್ಮ ಸೀಮೆಯಲ್ಲಿ ಅದಕ್ಕೇನೂ ಬರ ಇಲ್ಲ. ಹಸಿ ಕಟ್ಟಿಗೆಗೆ ಎಷ್ಟು ದೊಡ್ಡ ಬ್ಲೋವರ್ ಹಾಕಿದರೂ ಹೊಗೆ ತಪ್ಪುವುದಿಲ್ಲ.

ಚೇತನ್, ಚಿತ್ರದುರ್ಗ

ಮುಂದೆ ಒಲೆ ಹೊಸದಾಗಿ ಕಟ್ಟಿಸುವ ಯೋಚನೆ ಬಂದರೆ ಚಿಮಣಿ ಬಗ್ಗೆಯೂ ವಿಚಾರ ಮಾಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಮಾಡಿದ ಅಸ್ತ್ರ ಒಲೆಯಲ್ಲಿ ಫ್ಯಾನೇ ಇಲ್ಲ. ಜಾಲರಿ, ಸರಿಯಾದ ಅಳತೆಯ ದಾರಿ, ಚಿಮಣಿಯ ಎಳೆತ, ಇಷ್ಟರಲ್ಲೇ ಚೆನ್ನಾಗಿ ಉರಿಯುತ್ತದೆ. ದೋಸೆ ಹಂಚಿಗೆ ಅದು ಹಾಗೇ ಹೊಂದುವುದಿಲ್ಲ, ಆದರೆ ಚಿಮಣಿ ಚೆನ್ನಾಗಿ ಎಳೆಯುತ್ತಿದ್ದರೆ ಬ್ಲೋವರಿನ ಮೇಲೆ ಅಷ್ಟು ಭಾರ ಹಾಕಬೇಕಿಲ್ಲ. ಮೈದುನನ ಕಣ್ಣಿಗೂ ಒಳ್ಳೆಯದು.

ಸುಮಾ, ದಾವಣಗೆರೆ

ಕೆಲಸ ಆಯಿತು! ಎಲ್ಲ ಬರೆಯುತ್ತೇನೆ, ಬೇರೆ ಹೋಟೆಲ್‌ನವರಿಗೂ ಉಪಯೋಗ ಆಗಲಿ.

ರೆಕ್ಕೆಯಲ್ಲಿ ನಾಗರಾಜಣ್ಣ ಹೇಳಿದ ಹಾಗೆ ಒಳಗೆ ಇನ್ನೊಂದು ಸ್ಕ್ರೂ ಇತ್ತು. ಅದು ತೆಗೆದು ಪುಲ್ಲರ್ ಹಾಕಿದ ಮೇಲೆ ಸಲೀಸಾಗಿ ಬಂತು. ಬೇರಿಂಗ್ ಎರಡಕ್ಕೆ 220 ರೂಪಾಯಿ, ಕೆಪಾಸಿಟರ್ 70, ಬೇರಿಂಗ್ ಹಾಕಿದ ಕೂಲಿ 200. ಪೈಪ್ ಉದ್ದ ಮಾಡಿಸಿ, ಮಧ್ಯೆ ಬಾಗಿಲು, ಎಳೆಯುವ ಕಡೆ ಜಾರುವ ಮುಚ್ಚಳ ಇಡಿಸಿದ್ದಕ್ಕೆ ವೆಲ್ಡಿಂಗ್‌ನವರು 650 ತಗೊಂಡರು. ಒಟ್ಟು 1,140. ಬ್ಲೋವರನ್ನು ಈಗ ಗೋಡೆಯ ಹೊರಗೆ, ಜಾಲರಿಗಿಂತ ತಗ್ಗಿನಲ್ಲಿ ಇಟ್ಟಿದ್ದೇವೆ. ಮೇಲೆ ಮಳೆಗೆ ತಗಡು ಹೊದಿಸಿದ್ದೇವೆ. ಹಿಟ್ಟಿನ ದೂಳು, ಜಿಡ್ಡು ಅಲ್ಲಿಗೆ ಹೋಗುವುದಿಲ್ಲ. ಅರ್ಥಿಂಗ್ ಇರಲೇ ಇಲ್ಲ, ಈಗ ಮಾಡಿಸಿದ್ದೇವೆ. ಅದರ ಖರ್ಚು ಬೇರೆ.

ಮೊದಲ ಸಲ ಸ್ವಿಚ್ ಹಾಕಿದಾಗ ಗಾಳಿ ಬಹಳ ಕಡಿಮೆ ಬಂತು. ಬಾಣದ ಗುರುತು ನೋಡಿದರೆ ಉಲ್ಟಾ ತಿರುಗುತ್ತಿತ್ತು! ಕೊಟ್ರೇಶಣ್ಣ ಹೇಳಿರದಿದ್ದರೆ ನಾವು ಮತ್ತೆ ಮೋಟರಿಗೇ ಬೈಯುತ್ತಿದ್ದೆವು. ವೈರು ಸರಿ ಮಾಡಿದ ಮೇಲೆ ಗಾಳಿ ಮೊದಲಿಗಿಂತ ಜೋರು. ರೆಕ್ಕೆ ಶುಚಿಯಾಗಿದ್ದಕ್ಕೋ ಏನೋ, ಸದ್ದೂ ಕಡಿಮೆ. ಮುಚ್ಚಳ ಅರ್ಧ ಹಾಕಿಯೇ ಓಡಿಸುತ್ತಿದ್ದೇವೆ. ಹಂಚು ಒಂದೇ ಸಮ ಕಾಯುತ್ತಿದೆ, ದೋಸೆ ಅಂಚು ಕೆಂಪಗೆ ಏಳುತ್ತಿದೆ.

ಮೇಲಿನ ತೂತಿನ ಕವಲನ್ನು ಇನ್ನೂ ಮಾಡಿಸಿಲ್ಲ ರಫೀಕಣ್ಣ, ದೀಪಾವಳಿ ಆದ ಮೇಲೆ ಮಾಡಿಸುತ್ತೇವೆ. ಒಂದು ಕೊನೆಯ ಪ್ರಶ್ನೆ. ಹೊಸ ಬೇರಿಂಗಿಗೆ ನಾವು ಆಗಾಗ ಗ್ರೀಸ್ ಹಾಕಬೇಕಾ? ಮತ್ತೆ ಇದು ಮುಂದೆ ಯಾವಾಗಲಾದರೂ ನಿಜವಾಗಿ ಸುಟ್ಟರೆ ವೈಂಡಿಂಗ್ ಮಾಡಿಸುವುದಾ, ಹೊಸದು ತರುವುದಾ?

ಕೊಟ್ರೇಶ್, ಮೋಟರ್ ವೈಂಡಿಂಗ್

ಬಹಳ ಖುಷಿಯಾಯಿತು ಅಕ್ಕಾ. ಗೋಡೆ ಹೊರಗೆ ಇಟ್ಟಿದ್ದು ಒಳ್ಳೆ ಕೆಲಸ.

ಝಡ್‌ಝಡ್ ಬೇರಿಂಗಿಗೆ ಗ್ರೀಸ್ ಹಾಕುವ ಹಾಗಿಲ್ಲ, ಒಳಗೇ ತುಂಬಿ ಬರುತ್ತದೆ. ನೀವು ಮಾಡಬೇಕಾದ್ದು ರೆಕ್ಕೆ ಶುಚಿ ಅಷ್ಟೇ. ಬೆರಳಿನಿಂದ ತಿರುಗಿಸಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ, ಪ್ಲಗ್ ಕಿತ್ತು. ಒಂದು ಕೆಪಾಸಿಟರ್ ತಂದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ. ಭಾನುವಾರ ಬೆಳಿಗ್ಗೆ ಅಂಗಡಿ ತೆರೆದಿರುವುದಿಲ್ಲ.

ಸುಟ್ಟರೆ ನನ್ನ ಲೆಕ್ಕ ಹೀಗಿದೆ. ವೈಂಡಿಂಗ್ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದೇ ತನ್ನಿ. ನಾನು ವೈಂಡಿಂಗ್ ಮಾಡುವವನೇ ಆದರೂ ಇದನ್ನೇ ಹೇಳುತ್ತೇನೆ. ಆದರೆ ನಿಮ್ಮ ಹಳೆಯದರ ಡಬ್ಬಿ ಗಟ್ಟಿ ಇದೆ, ತಾಮ್ರದ ಸುತ್ತು ಇದೆ. ಈಗ ಕಡಿಮೆ ಬೆಲೆಗೆ ಬರುವ ಕೆಲವದರಲ್ಲಿ ಅಲ್ಯೂಮಿನಿಯಂ ಸುತ್ತು ಇರುತ್ತದೆ. ಹೊಸದು ಕೊಳ್ಳುವಾಗ ತಾಮ್ರದ್ದಾ ಅಂತ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಲೋಹದ ಡಬ್ಬಿ, ಬುಷ್ ಬದಲು ಬೇರಿಂಗ್, ಹೊರಗಿನಿಂದಲೇ ಬಿಚ್ಚಲು ಬರುವ ಕೆಪಾಸಿಟರ್, ಇಷ್ಟು ನೋಡಿ. ನಿಮ್ಮ ಪೈಪಿನ ಅಳತೆ ಜೊತೆಗೆ ಒಯ್ಯಿರಿ. ದೊಡ್ಡದು ಕೊಟ್ಟರೆ ತಗೋಬೇಡಿ, ನಿಮ್ಮ ಒಲೆಗೆ ನೂರು ವ್ಯಾಟ್ ಒಳಗಿನದು ಧಾರಾಳ ಸಾಕು. ದಿನಕ್ಕೆ ಆರು ತಾಸು ಓಡಿದರೂ ಅದು ಅರ್ಧ ಯೂನಿಟ್ ಆಸುಪಾಸು ಕರೆಂಟು ತಿನ್ನುತ್ತದೆ.